ಹಿಂಬಾಯಿಯ ಬಂದೂಕು

ಹುಲಿಗೇಶನ ಬಂದೂಕು ನೋಡುವುದಕ್ಕೆ ಭರ್ಜರಿಯಾಗಿತ್ತು. ಅದಕ್ಕಿದ್ದ ಕೊರತೆ ಒಂದೇ, ಅದು ತೆರೆಯುತ್ತಿರಲಿಲ್ಲ.

ಬಂದೂಕು ತೆರೆಯುವುದೆಂದರೆ ಏನು ಅಂತ ಮೊದಲೇ ಹೇಳಿಬಿಡುವುದು ಒಳ್ಳೆಯದು. ತೀರಾ ಹಳೇ ಬಂದೂಕುಗಳಿಗೆ ಮದ್ದನ್ನು ಮುಂದಿನಿಂದ, ನಳಿಗೆಯ ತುದಿಯಿಂದ ತುಂಬಬೇಕಿತ್ತು. ಮದ್ದು ಸುರಿದು, ಅರಿವೆ ತುರುಕಿ, ಗುಂಡು ಹಾಕಿ, ಸರಳಿನಿಂದ ಜಡಿದು ಮುಗಿಸುವುದರೊಳಗೆ ಕಾಡುಹಂದಿ ಹೊಲ ಮೇಯ್ದು, ಮರಿಗಳಿಗೂ ಮೇಯಿಸಿ ಮನೆಗೆ ಹೋಗಿರುತ್ತಿತ್ತು. ಆಮೇಲೆ ಯಾರೋ ಪುಣ್ಯಾತ್ಮರು ಹಿಂದಿನಿಂದ ತುಂಬುವ ಬಂದೂಕು ಮಾಡಿದರು. ಹುಲಿಗೇಶನದು ಆ ವಂಶದ ಹಿರಿಯ ತಲೆ. ಹಿಡಿಯ ಕೆಳಗೊಂದು ಲಿವರ್ ಇತ್ತು. ಅದನ್ನು ಕೆಳಕ್ಕೊತ್ತಿದರೆ ನಳಿಗೆಯ ಬುಡಕ್ಕೆ ಆನಿಕೊಂಡಿರುವ ಉಕ್ಕಿನ ಗಟ್ಟಿಯೊಂದು ತಲೆ ತಗ್ಗಿಸಬೇಕು, ಹಿಂದಿನ ಬಾಯಿ ತೆರೆದುಕೊಳ್ಳಬೇಕು, ಒಳಗಿನ ಪುಟ್ಟ ಕೊಕ್ಕೆ ಸುಟ್ಟ ತೋಟಾವನ್ನು ಹಿಡಿದು ಹೊರಗೆಸೆಯಬೇಕು. ಮದ್ದುಗುಂಡು ಒಳಗೇ ಇರುವ ಹೊಸ ತೋಟಾ ಇಟ್ಟು ಲಿವರ್ ಎತ್ತಿದರೆ ಗಟ್ಟಿ ಮೇಲೆದ್ದು ಬಾಗಿಲು ಹಾಕಿಕೊಳ್ಳಬೇಕು. ಲಿಂಗಸುಗೂರಿನಲ್ಲಿ ಬಿಳಿಯರ ದಂಡು ಇದ್ದ ಕಾಲದ್ದು ಇದು ಎಂದು ಅವನ ಮುತ್ತಜ್ಜ ಹೇಳುತ್ತಿದ್ದನಂತೆ. ಮುತ್ತಜ್ಜ ಬಹಳ ಸುಳ್ಳು ಹೇಳುತ್ತಿದ್ದ ಎಂದೂ ಕೇಳಿದ್ದೇನೆ.

ವಳಕಮದಿನ್ನಿಯ ಹುಲಿಗೇಶ ಮೊದಲು ಸಿಂಧನೂರಿನ ವೀರೇಶಪ್ಪ ಸಾಹುಕಾರರ ಅಕ್ಕಿ ಮಿಲ್ಲಿನಲ್ಲಿ ಹಮಾಲನಾಗಿದ್ದ. ಒಂದು ಸುಗ್ಗಿಯಲ್ಲಿ ಭತ್ತದ ಚೀಲಗಳ ಒಟ್ಟು ಕುಸಿದು ಅವನ ಸೊಂಟದ ಮೇಲೆ ಬಿತ್ತು. ಆ ಒಟ್ಟು ವಾಲಿದೆ ಎಂದು ಹಮಾಲರು ಮುಂಚೆಯೇ ಹೇಳಿದ್ದರು, ಸಾಹುಕಾರರು ಕೇಳಿರಲಿಲ್ಲ. ಸೊಂಟ ಮುರಿದವನಿಗೆ ಸಾಹುಕಾರರು ಪರಿಹಾರವೇನೂ ಕೊಡಲಿಲ್ಲ. "ನಿಮ್ಮಪ್ಪನ ಬಂದೂಕು ಐತೆಲ್ಲಪಾ, ಲೈಸೆನ್ಸ್ ನಿನ್ನ ಹೆಸರಿಗೆ ಮಾಡಿಸ್ಕೊ, ಗೇಟಿಗೆ ಗನ್‌ಮ್ಯಾನ್ ಆಗಿ ನಿಂದ್ರು," ಎಂದರು. ಊರು ಅವರನ್ನು ಧರ್ಮರಾಯನೆಂದಿತು. ಹುಲಿಗೇಶನೂ ಅಂದ. ಚೀಲ ಹೊರಲಾರದವನಿಗೆ ನಿಲ್ಲುವ ಕೆಲಸ ಸಿಕ್ಕಿತ್ತು, ಸಾಲದೇ?

ಕೆಲಸಕ್ಕೆ ಸೇರಿದ ದಿನ ಅವನು ಗತ್ತಿನಿಂದ ಲಿವರ್ ಒತ್ತಿ ಖಟ್ ಅಂತ ತೆರೆದು ತೋರಿಸಿದ್ದ. ಸಾಹುಕಾರರು ಎರಡು ಹೆಜ್ಜೆ ಹಿಂದೆ ಸರಿದು, ಬಂದೂಕನ್ನು ತಮ್ಮ ಕೈಗೆ ತೆಗೆದುಕೊಂಡು, ತಿರುವಿ ಮುರುವಿ ನೋಡಿ, ತಾವೇ ಮುಚ್ಚಿ ಕೊಟ್ಟರು. "ದೇವರಂಥಾ ವಸ್ತು, ಪೂಜಿ ಆಗ್ಬೇಕು," ಎಂದರು. ಅಂದಿನಿಂದ ಪ್ರತಿ ದಸರೆಯ ಖಂಡೇಪೂಜೆಗೆ ತಕ್ಕಡಿ, ಲಾರಿ, ಯಂತ್ರಗಳನ್ನೆಲ್ಲ ಪೂಜಾರಿಗೆ ಬಿಟ್ಟು, ಬಂದೂಕಿಗೆ ಮಾತ್ರ ಸಾಹುಕಾರರೇ ಸ್ವತಃ ಕಾಯಿ ಒಡೆದು, ಕುಂಕುಮ ಬಳಿದು, ಕಾಯಿನೀರಿಗೆ ಸಕ್ಕರೆ ಕಲಸಿ, ಸರಿಯಾಗಿ ಹಿಂಬಾಯಿಯ ಸಂದಿಯೊಳಗೆ ಸುರಿಯುತ್ತಿದ್ದರು. ಇಂಥ ಮರ್ಯಾದೆ ತನ್ನ ಬಂದೂಕಿಗಲ್ಲದೆ ಇನ್ಯಾವುದಕ್ಕಿದೆ ಎಂದು ಹುಲಿಗೇಶ ಎದೆಯುಬ್ಬಿಸುತ್ತಿದ್ದ. ವರ್ಷ ಕಳೆದಂತೆ ಕಾಯಿನೀರು, ಕುಂಕುಮ, ತುಕ್ಕು ಸೇರಿ ಒಳಗೆ ಗಾರೆ ಕಟ್ಟಿದಂತಾಯಿತು. ಲಿವರ್ ಅಲುಗುವುದನ್ನೇ ಮರೆಯಿತು.

ತೆರೆದು ತೋರಿಸೆಂದು ಯಾರೂ ಕೇಳದೆ ಇದ್ದದ್ದರಿಂದ ಸಂಸಾರ ನಡೆದಿತ್ತು. ಆದರೆ ಚುನಾವಣೆ ಬಂತು, ಅದರೊಂದಿಗೆ ಲೈಸೆನ್ಸಿನ ಬಂದೂಕುಗಳ ತಪಾಸಣೆಯೂ ಬಂತು. ಉಪವಿಭಾಗದ ಹೊಸ ಅಧಿಕಾರಿ ಸಾಹೇಬರೊಬ್ಬರು ತಾಲ್ಲೂಕುಗಳ ಬಂದೂಕುಗಳನ್ನೆಲ್ಲ ಲಿಂಗಸುಗೂರಿಗೆ ಕರೆಸಿ, ಒಂದೊಂದನ್ನೂ ತೆರೆಸಿ ನೋಡುತ್ತಿದ್ದರು. ತೆರೆಯದಿದ್ದರೆ ಲೈಸೆನ್ಸ್ ರದ್ದು. ಹುಲಿಗೇಶನ ಪಾಳಿ ಒಂದು ಸೋಮವಾರ ಬಂತು.

"ಸಾಹುಕಾರ್ರ, ಬಂದೂಕು ಬಿಗದೈತ್ರಿ. ಏನ್ ಮಾಡ್ಲಿ?" ಎಂದು ಅವತ್ತು ಮುಂಜಾನೆ ಕೈ ಮುಗಿದು ನಿಂತ.

ಸಾಹುಕಾರರು ಅಡಕೆ ಕತ್ತರಿಸುತ್ತಲೇ ಹೇಳಿದರು: "ಲೈಸೆನ್ಸ್ ಇಲ್ಲದ ಬಂದೂಕು ನನ್ನ ಗೇಟಿನಾಗ ನಿಂದ್ರಂಗಿಲ್ಲಪಾ. ಬಂದೂಕು ಇಲ್ಲದ ನೀನೂ ನಿಂದ್ರಂಗಿಲ್ಲ. ಹೋಗಿ ಬಾ, ದೇವರು ಅದಾನ."

ಗೇಟಿನೆದುರು ಶಂಶಾದ್‌ಬೀಯ ಚಹಾದಂಗಡಿ. ಅಲ್ಲಿ ಹಮಾಲರ ಮೇಸ್ತ್ರಿ ಮಾಳಿಂಗರಾಯ ಕೂತಿದ್ದ. ಕಷ್ಟ ಕೇಳಿದ್ದೇ ತಡ, "ತಾ ಇಲ್ಲಿ, ಇದೇನು ದೊಡ್ಡ ಮಾತು," ಎಂದು ಬಂದೂಕನ್ನು ತೊಡೆಗಳ ನಡುವೆ ಸಿಕ್ಕಿಸಿಕೊಂಡು ಲಿವರನ್ನು ಎಮ್ಮೆಯ ಬಾಲ ಎಳೆದಂತೆ ಎಳೆಯತೊಡಗಿದ.

"ಏ ಮಾಳ್ಯಾ! ನಳಗಿ ನನ್ನ ಕಡೆ ಯಾಕ ಹಿಡದೀಯೋ?" ಎಂದು ಶಂಶಾದ್‌ಬೀ ಒಲೆಯ ಹಿಂದೆ ಕುಕ್ಕರಿಸಿದಳು.

"ಒಳಗ ಏನಿಲ್ಲ ಬಿಡವಾ. ಏನರ ಐತೇನಲೇ ಹುಲಿಗ್ಯಾ?"

ಹುಲಿಗೇಶನಿಗೆ ಕೆಲಸಕ್ಕೆ ಸೇರಿದ ದಿನ ಗತ್ತು ತೋರಿಸುವ ಭರದಲ್ಲಿ ಒಂದು ತೋಟಾ ಒಳಗಿಟ್ಟಿದ್ದು ನೆನಪಿತ್ತು. ತೆಗೆದದ್ದು ನೆನಪಿರಲಿಲ್ಲ. ಮಾಳಿಂಗರಾಯ ಅವನ ಮುಖ ನೋಡಿ, ಬಂದೂಕನ್ನು ಮಲಗಿದ ಕೂಸಿನಂತೆ ಮೆಲ್ಲಗೆ ಬೆಂಚಿನ ಮೇಲಿಟ್ಟು ದೂರ ಸರಿದ. ಶಂಶಾದ್‌ಬೀಗೆ ಮಾತ್ರ ಕನಿಕರ ಬಂತು. "ಬಿಸಿನೀರು ಹಾಕಿದ್ರ ಬೆಲ್ಲದ ಪಾಕಾನೂ ಬಿಡತೈತಿ," ಎಂದು ಕುದಿಯುವ ಪಾತ್ರೆಯನ್ನೇ ಬಗ್ಗಿಸಿದಳು. ಅದರಲ್ಲಿ ಚಹಾ ಪುಡಿಯೂ ಶುಂಠಿಯೂ ಇದ್ದವು. ಬಂದೂಕು ಘಮಘಮ ಅಂದಿತೇ ಹೊರತು ಬಾಯಿ ಬಿಡಲಿಲ್ಲ.

ಬಸ್‌ಸ್ಟ್ಯಾಂಡಿನ ದಾರಿಯಲ್ಲಿ ಅಸದನ ವೆಲ್ಡಿಂಗ್ ಅಂಗಡಿ. ಅಸದ್ ಗ್ಯಾಸಿನ ಬೆಂಕಿ ಹೊತ್ತಿಸಿಕೊಂಡೇ ಕೇಳಿದ:

"ಕಾಯಿಸಿದ್ರ ಖರೇನ ತೆರಿತೈತಿ ಭಾಯ್. ಒಳಗ ತೋಟಾ ಇಲ್ಲಲ್ಲ?"

"ಇದ್ರೂ ಇರಬಹುದು."

ಅಸದ್ ಬೆಂಕಿ ಆರಿಸಿದ. "ಇದ್ರ ಬಂದೂಕಿನ ಸಂಗಾಟ ನನ್ನ ದುಕಾನೂ ತೆರಿತೈತಿ. ನೀ ಹೋಗಿ ಬಾ."

ಎಲ್ಲರೂ ಹೋಗಿ ಬಾ ಅನ್ನುವವರೇ. ಹುಲಿಗೇಶ ಲಿಂಗಸುಗೂರಿನ ಬಸ್ಸು ಹತ್ತಿದ. ಒಳಗೆ ತೋಟಾ ಇರಬಹುದು ಎಂಬ ಸುದ್ದಿ ಅವನಿಗಿಂತ ಮೊದಲೇ ಹತ್ತಿ ಸೀಟು ಹಿಡಿದಿತ್ತು. ಬಂದೂಕನ್ನು ಮುಂದಕ್ಕೆ ಚಾಚಿ ಹಿಡಿದರೆ ಡ್ರೈವರ್ ಬಸ್ಸು ನಿಲ್ಲಿಸಿದ. ಮೇಲಕ್ಕೆ ಹಿಡಿದರೆ, "ಮ್ಯಾಲ ನನ್ನ ಕೋಳಿ ಬುಟ್ಟಿ ಐತ್ರಿ!" ಎಂದು ಹಿಂದಿನಿಂದ ಕೂಗು ಬಂತು. ಕೆಳಕ್ಕೆ ಹಿಡಿದಾಗ ಕಂಡಕ್ಟರ್, "ಕೆಳಗ ಡೀಸೆಲ್ ಟಾಂಕಿ ಐತಿ ಮಾರಾಯ, ಎಲ್ಲಾರ್ನೂ ಒಮ್ಮೆಲೇ ಕಳಸ್ಬೇಕಂತಿಯೇನು?" ಎಂದ. ಕೊನೆಗೆ ನಳಿಗೆಯನ್ನು ತನ್ನದೇ ಗದ್ದಕ್ಕೆ ಆನಿಸಿಕೊಂಡು ಕೂತ. ಇದಕ್ಕೆ ಯಾರದೂ ತಕರಾರು ಬರಲಿಲ್ಲ. ಬಸ್ಸು ಹೊರಟಿತು.

ಪಕ್ಕದಲ್ಲಿ ಮಸ್ಕಿಯ ಸಂತೆಗೆ ಔಡಲೆಣ್ಣೆಯ, ಅಂದರೆ ಹರಳೆಣ್ಣೆಯ, ಡಬ್ಬಿ ಒಯ್ಯುತ್ತಿದ್ದ ಶಿವಲಿಂಗಮ್ಮ ಎಂಬ ಮುದುಕಿ ಕೂತಿದ್ದಳು. ಅವನ ಕಣ್ಣಲ್ಲಿ ನೀರು ಕಂಡು, "ಏನಪಾ, ಏನಾಗೇತಿ ಇದಕ್ಕ?" ಎಂದಳು.

"ಹಿಂದಿನ ಬಾಯಿ ಬಿಗದೈತಬೇ. ಸಂಜಿಯೊಳಗ ತೆರೀಲಿಲ್ಲಂದ್ರ ನನ್ನ ಅನ್ನ ಹೋತು. ಸೊಂಟ ಮುರದಾವ್ಗ ಬ್ಯಾರೆ ಕೆಲಸ ಯಾರು ಕೊಡ್ತಾರ?"

"ಇಷ್ಟಕ್ಕ ಅಳ್ತಾರೇನು? ನಮ್ಮ ಮನ್ಯಾಗ ಕೂಸಿಗೆ, ಮುದುಕಗ, ಎಮ್ಮಿಗೆ, ಯಾರಿಗೆ ಹಿಂದ ಬಿಗದ್ರೂ ಇದನ್ನ ಕುಡಸ್ತೀವಿ." ಅವಳು ಡಬ್ಬಿ ಬಿಚ್ಚಿ ಸಂದಿಯೊಳಗೆ ಗಳಗಳ ಎಣ್ಣೆ ಹೊಯ್ದಳು. "ಅವಸರ ಮಾಡಬ್ಯಾಡ. ಔಡಲೆಣ್ಣಿ ತನ್ನ ಟೈಮ್ ತಗೊಂತೈತಿ. ಬರೋ ಮುಂದ ಯಾರಿಗೂ ಹೇಳಿ ಬರಂಗಿಲ್ಲ."

ಮಸ್ಕಿಯಲ್ಲಿ ಅವಳು ಇಳಿದು ಹೋದಳು. ಮುಂದಿನ ರಸ್ತೆಯ ಗುಂಡಿಗಳು ಎಣ್ಣೆಯನ್ನು ಒಳಗೊಳಗೆ ಕುಲುಕಿದವು. ಹುಲಿಗೇಶ ಗುಂಡಿಗೊಮ್ಮೆ ಲಿವರ್ ಒತ್ತಿ ನೋಡಿದ, ಅಲುಗಲಿಲ್ಲ.

ಲಿಂಗಸುಗೂರಿನ ಕಚೇರಿಯಲ್ಲಿ ಬಂದೂಕುಗಳ ಸಾಲೇ ಸಾಲು. ಗೌಡರ ಬಂದೂಕು, ದೇಸಾಯರ ಬಂದೂಕು, ಕಾಂಟ್ರಾಕ್ಟರನ ಮಿರಮಿರ ಮಿಂಚುವ ಹೊಸ ಬಂದೂಕು, ಎಲ್ಲವೂ ಖಟ್ ಖಟ್ ತೆರೆದು ಮುಚ್ಚಿ ಮುಂದೆ ಹೋದವು. ಉಳ್ಳವರ ಬಾಗಿಲು ಯಾವತ್ತೂ ಸಲೀಸು.

"ತೆಗೀರಿ," ಎಂದರು ಸಾಹೇಬರು, ಚಹಾದ ಕಪ್ಪು ಎತ್ತಿಕೊಳ್ಳುತ್ತ.

"ಸ್ವಲ್ಪ ಬಿಗಿ ಐತ್ರಿ ಸಾಹೇಬ್ರ."

ಅವರೇ ಒತ್ತಿದರು. ಪಕ್ಕದ ಪೇದೆ ಒತ್ತಿದ. ಸಾಲಿನಲ್ಲಿದ್ದವರೂ ಕರೆಯದೆ ಬಂದು ಒತ್ತಿದರು. ಸಾಹೇಬರು ಪೆನ್ನಿನ ಟೋಪಿ ತೆಗೆದರು. "ತೆರೆಯದಿದ್ದರೆ ಇದು ಕೋಲು. ಕೋಲಿಗೆ ಲೈಸೆನ್ಸ್ ಯಾಕ್ರಿ?"

ಹುಲಿಗೇಶನಿಗೆ ಮನೆಯಲ್ಲಿದ್ದ ತಾಯಿ ಮುದುಕಮ್ಮನ ಖಾಲಿ ತಾಟು ಕಣ್ಮುಂದೆ ಬಂತು. ಸಾಹೇಬರ ಕಾಲು ಹಿಡಿಯೋಣವೆಂದು ಬಗ್ಗಿದ. ಬಡವನಿಗೆ ಕಾಲು ಹಿಡಿಯುವುದಕ್ಕಾದರೂ ಸೊಂಟ ನೆಟ್ಟಗಿರಬೇಕು. ಅರ್ಧಕ್ಕೇ ಸೊಂಟ ಹಿಡಿದು, ಕೈ ಸಡಿಲಾಗಿ, ಬಂದೂಕು ಫರಸಿಕಲ್ಲಿನ ನೆಲದ ಮೇಲೆ ಹಿಡಿಯೂರಿ ಬಿತ್ತು.

ಖಟ್!

ಔಡಲೆಣ್ಣೆ ತನ್ನ ಟೈಮಿಗೆ ಬಂದಿತ್ತು. ಉಕ್ಕಿನ ಗಟ್ಟಿ ತಲೆ ತಗ್ಗಿಸಿತು, ಹಿಂಬಾಯಿ ತೆರೆಯಿತು, ಇಷ್ಟು ವರ್ಷ ಸುಮ್ಮನಿದ್ದ ಕೊಕ್ಕೆ ಮೈಮುರಿದು ಒಳಗಿದ್ದದ್ದನ್ನು ಎತ್ತಿ ಒಗೆಯಿತು. ಸಾಲಿನವರೆಲ್ಲ ನೆಲ ಕಚ್ಚಿದರು. ಹಾರಿ ಬಂದದ್ದು ತೋಟಾ ಅಲ್ಲ. ಕುಂಕುಮ, ಕಾಯಿಚೂರು, ಸತ್ತ ಇರುವೆ, ಒಂದು ಒಣ ಚೆಂಡುಹೂ ಎಲ್ಲ ಅಂಟಿದ ಕೆಂಪು ಉಂಡೆಯೊಂದು ಸಾಹೇಬರ ಚಹಾದಲ್ಲಿ ಬಿತ್ತು.

"ಏನ್ರಿ ಇದು?"

"ಪ್ರಸಾದ್ರಿ ಸಾಹೇಬ್ರ," ಎಂದ ಹುಲಿಗೇಶ ನೆಲದ ಮೇಲಿಂದಲೇ.

ಸಾಹೇಬರಿಗೂ ನಗು ತಡೆಯಲಾಗಲಿಲ್ಲ. ಪೇದೆ ಅರಿವೆಯಿಂದ ಒಳಗೆಲ್ಲ ಒರೆಸಿ, ನಳಿಗೆಯಲ್ಲಿ ಕಣ್ಣಿಟ್ಟು ನೋಡಿ, ಚೊಕ್ಕ ಇದೆ ಎಂದ. ಲೈಸೆನ್ಸಿನ ಮೇಲೆ ಠಸ್ಸೆ ಬಿತ್ತು. ಸಾಲಿನಲ್ಲಿ ಯಾರೋ ಇದನ್ನೆಲ್ಲ ಮೊಬೈಲಿನಲ್ಲಿ ಹಿಡಿದುಕೊಂಡಿದ್ದರು.

ಹಿಂದಿರುಗುವ ಬಸ್ಸಿನಲ್ಲಿ ಹುಲಿಗೇಶ ದಾರಿಯುದ್ದಕ್ಕೂ ಖಟ್ ಖಟ್ ಅನ್ನಿಸುತ್ತ ಕೂತ. ಇಂಥ ಖುಷಿ ಅವನಿಗೆ ಸೊಂಟ ಮುರಿದ ಮೇಲೆ ಆಗಿರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಮಿಲ್ಲಿನ ಗೇಟಿಗೆ ಬಂದ. ಮಾಳಿಂಗರಾಯ ಎದುರಾಗಿ, "ನಿನ್ನ ಪ್ರಸಾದ ಮೊಬೈಲಿನಾಗ ಊರೆಲ್ಲಾ ಹಂಚೇತಲೇ! ಸಾಹುಕಾರ್ರೂ ನೋಡ್ಯಾರ. ಕರಿಯಾಕತ್ತಾರ ನೋಡು," ಎಂದ. ಬಹುಮಾನವೇ ಇರಬೇಕೆಂದು ಹುಲಿಗೇಶ ಅಂಗಿ ಸರಿಮಾಡಿಕೊಂಡು ಒಳಗೆ ಹೋದ.

"ಎಲ್ಲಿ, ತೆರಿ ನೋಡೋಣು," ಎಂದರು ವೀರೇಶಪ್ಪನವರು.

ಖಟ್.

ಸಾಹುಕಾರರು ಎರಡು ಹೆಜ್ಜೆ ಹಿಂದೆ ಸರಿದರು. ಆಮೇಲೆ ನಿಟ್ಟುಸಿರು ಬಿಟ್ಟು ಹೇಳಿದರು: "ನಾಳೆಯಿಂದ ಬರಬ್ಯಾಡಪಾ."

"ಯಾಕ್ರಿ? ಲೈಸೆನ್ಸ್ ಪಾಸಾಗೇತ್ರಿ! ಬಂದೂಕು ಹೊಸಾದ್ರಂಗ ಆಗೇತ್ರಿ!"

"ಅದಕ್ಕ ಬ್ಯಾಡ ಅಂದೆ. ಕಳ್ಳರಿಗೆ ಬಂದೂಕು ಕಂಡ್ರ ಸಾಕು, ಅದು ತೆರೀಬೇಕಂತಿಲ್ಲ. ನೀ ಸೇರಿದ ದಿನ ಒಳಗಿನ ತೋಟಾ ನಾನ ತಗದು ತಿಜೋರಿಯಾಗ ಇಟ್ಟೆ. ವರ್ಷಾವರ್ಷ ನನ್ನ ಕೈಯಾರೆ ಸಕ್ಕರಿ ನೀರು ಹೊಯ್ದೆ. ಯಾಕ ಹೊಯ್ದೆ ಅಂತ ಮಾಡೀದಿ?"

ಹುಲಿಗೇಶ ಬಾಯಿ ತೆರೆದು ನಿಂತ.

"ನಿನ್ನ ಸೊಂಟ ಮುರದದ್ದು ನನ್ನ ಮಿಲ್ಲಿನಾಗ. ತಪ್ಪು ಯಾರದಂತ ನಿನಗೂ ಗೊತ್ತು, ನನಗೂ ಗೊತ್ತು. ಅಂಥಾವನ ಕೈಯಾಗ ತೆರಿಯೋ ಬಂದೂಕು ಕೊಟ್ಟು ನಾ ದಿನಾ ಬೆನ್ನು ತಿರುಗಿಸಿ ಹೋಗ್ಲೇನು?"

ದೇವರಾಣೆ, ಆ ವಿಚಾರ ಹುಲಿಗೇಶನ ತಲೆಗೆ ಒಂದು ದಿನವೂ ಬಂದಿರಲಿಲ್ಲ. ಈಗ ಸಾಹುಕಾರರೇ ತಂದು ಇಟ್ಟರು. ಅವನಿಗೆ ಮೊದಲ ಸಲ ಸಿಟ್ಟು ಬಂತು, ಆದರೆ ಅದರ ಬೆನ್ನಿಗೇ ತಾಯಿಯ ತಾಟು ನೆನಪಾಯಿತು.

"ಮುಂಜಾನೇನ ಹೇಳಬಾರದಾಗಿತ್ರೀ?"

"ಏನಂತ ಹೇಳ್ಲಿ? ಅದು ತೆರಿತೈತಿ ಅಂತ ಯಾರು ಕನಸು ಕಂಡಿದ್ರು? ನೀ ಅಳಕೋತ ಬಂದಿದ್ರ ಸಂಜೀಕ ಮ್ಯಾಲಿನವ್ರಿಗೆ ಒಂದು ಫೋನು ಹಚ್ಚಿ ಲೈಸೆನ್ಸ್ ಉಳಿಸಬೇಕಂತನ ಮಾಡಿದ್ದೆ. ಮುಂಜಾನೆ ನಾ ಅಂದದ್ದು ಬಾಯಿಮಾತು." ಸಾಹುಕಾರರು ಅಡಕೆಹೋಳು ಬಾಯಿಗೆ ಹಾಕಿಕೊಂಡರು. "ಹೋಗು, ಮೊದಲಿನಂಗ ಮುಚ್ಚಿಸ್ಕೊಂಡು ಬಾ. ಕೆಲಸ ನಿಂದ ಐತಿ."

ಹುಲಿಗೇಶ ಅಸದನ ಅಂಗಡಿಗೆ ಓಡಿದ. "ವೆಲ್ಡಿಂಗ್ ಹೊಡದು ಮುಚ್ಚಿಬಿಡು," ಎಂದ. ಅಸದ್ ಠಸ್ಸೆ ನೋಡಿ ಕೈ ಜೋಡಿಸಿದ. "ಸರಕಾರ ತೆರಿತೈತಿ ಅಂತ ಬರಕೊಟ್ಟದ್ದನ್ನ ನಾ ಮುಚ್ಚಿ ಜೈಲಿಗೆ ಹೋಗ್ಲೇನು ಭಾಯ್?"

ಕಡೆಗೆ ಶಂಶಾದ್‌ಬೀಯ ಬೆಂಚಿನ ಮೇಲೆ ಬಂದು ಕೂತ. ಒಂದು ತೆಂಗಿನಕಾಯಿ ಒಡೆದು, ನೀರಿಗೆ ಅವಳ ಡಬ್ಬಿಯ ಸಕ್ಕರೆ ಸುರಿದು ಕದಡಿ, ಸಾಹುಕಾರರು ಹೊಯ್ಯುತ್ತಿದ್ದ ಹಾಗೆಯೇ ಸಂದಿಯೊಳಗೆ ಹೊಯ್ದ. ಮುದುಕಿಯ ಎಣ್ಣೆ ಒಳಗೆಲ್ಲ ಮೆತ್ತಿಕೊಂಡು ಕೂತಿತ್ತು. ಸಕ್ಕರೆನೀರು ಒಂದು ಹನಿಯೂ ನಿಲ್ಲದೆ ಜಾರಿ ಅವನ ಕಾಲ ಮೇಲೆ ಸುರಿಯಿತು. ಆದರೂ ಆಸೆ ಯಾರಪ್ಪನ ಸ್ವತ್ತು? ಕಣ್ಣು ಮುಚ್ಚಿ, ಹುಲಿಗೆಮ್ಮನನ್ನು ನೆನೆದು, ಮೆಲ್ಲಗೆ ಲಿವರ್ ಒತ್ತಿದ.

ಖಟ್.

ಅವನು ಅಳತೊಡಗಿದ. ಶಂಶಾದ್‌ಬೀ ಸಂತೋಷಕ್ಕೆ ಅಳುತ್ತಾನೆ ಎಂದುಕೊಂಡು ಒಂದು ಕಪ್ಪು ಚಹಾ ತಂದು ಪಕ್ಕದಲ್ಲಿಟ್ಟಳು.

"ಏನ್ ಚಂದ ತೆರಿತೈತಲ್ಲೋ ಹುಲಿಗಪ್ಪಾ! ಇನ್ನ ನಿನಗ ಯಾರ ಭಯ?"