ಮರಗಟ್ಟಿದ ತುಟಿಯೂ ಹೈಡ್ರಾಂಜಿಯಾ ಗಿಡವೂ

ಬೇರು ಎಂದರೆ ನನಗೆ ಸಲಿಗೆ. ನಾನು ಹಲ್ಲಿನ ಡಾಕ್ಟರು. ಎಂಥೆಂಥ ಘಟಾನುಘಟಿ ದವಡೆ ಹಲ್ಲುಗಳೂ ನನ್ನ ಇಕ್ಕಳ ಕಂಡರೆ ಬೇರು ಸಡಿಲಿಸಿಕೊಂಡು ಶರಣಾಗುತ್ತವೆ. ಹೀಗಿರುವಾಗ, ಕುಂಡದಲ್ಲಿದ್ದ ಒಂದು ಹೈಡ್ರಾಂಜಿಯಾ ಗಿಡವನ್ನು ತೆಗೆದು ಅಂಗಳದ ಮೂಲೆಯಲ್ಲಿ ನೆಡುವುದು ಯಾವ ಮಹಾ ಕೆಲಸ?

"ನೀನು ಸ್ಕೂಲಿಂದ ಬರೋ ಹೊತ್ತಿಗೆ ಗಿಡ ನೆಲದಲ್ಲಿರುತ್ತೆ" ಎಂದು ಹೆಂಡತಿಗೆ ಬೆಳಿಗ್ಗೆಯೇ ಘೋಷಿಸಿಬಿಟ್ಟೆ.

ಅವಳು ಚಪ್ಪಲಿ ಮೆಟ್ಟಿಕೊಳ್ಳುತ್ತಾ ನನ್ನ ಮುಖ ನೋಡಿದಳು. "ಕೀಳೋದರಲ್ಲಿ ನಿಮ್ಮನ್ನ ಮೀರಿಸೋರಿಲ್ಲ, ಒಪ್ತೀನಿ. ಆದ್ರೆ ನೀವು ಕಿತ್ತಿದ್ದು ಯಾವುದಾದ್ರೂ ಮತ್ತೆ ಚಿಗುರಿದೆಯಾ?"

"ಇದು ಗಿಡ ಕಣೇ."

"ಅದಕ್ಕೇ ಹೇಳ್ತಿರೋದು. ಮೊದಲು ಗುಂಡಿ ತೋಡಿಟ್ಕೊಳ್ಳಿ. ಆಮೇಲೆ ಗಿಡ ತೆಗೀರಿ, ಬೇರಿನ ಮಣ್ಣು ಉದುರಬಾರದು."

ಆ ಗಿಡವೆಂದರೆ ಅವಳಿಗೆ ಪ್ರಾಣ. ಅವಳು ಒಂದನೇ ತರಗತಿಯ ಟೀಚರು. ಹೋದ ವರ್ಷದ ಮಕ್ಕಳೆಲ್ಲ ಸೇರಿ ಕೊಟ್ಟಿದ್ದು ಅದು. ಚೆಂಡಿನಂಥ ನೀಲಿ ಹೂಗೊಂಚಲು ಬಿಟ್ಟು ಬಿಟ್ಟು, ಈಗ ಕುಂಡ ಸಾಲದೆ ಮುಖ ಬಿಗಿದುಕೊಂಡು ಕೂತಿತ್ತು.

ಅವಳ ಮಾತನ್ನು ನಾನು ಚಾಚೂ ತಪ್ಪದೆ ಪಾಲಿಸಿದೆ; ಕ್ರಮವನ್ನು ಮಾತ್ರ ಹಿಂದುಮುಂದು ಮಾಡಿದೆ. ಮೊದಲು ಗಿಡ ತೆಗೆಯಲು ಹೋದೆ. ಎಳೆದೆ, ಬರಲಿಲ್ಲ. ಮೊಣಕಾಲು ಕೊಟ್ಟು ಎಳೆದೆ, ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಕುಂಡವನ್ನೇ ಒಡೆದೆ. ಗಿಡ ಕೈಗೆ ಬಂತು, ಬೇರಿನ ಮಣ್ಣೆಲ್ಲ ಪ್ಯಾಂಟಿಗೆ ಬಂತು.

ಅದೇ ಹೊತ್ತಿಗೆ ಮಹಡಿಯಿಂದ ನಮ್ಮ ಮನೆ ಮಾಲೀಕರು ಕೆನ್ನೆ ಹಿಡಿದುಕೊಂಡು ಇಳಿದು ಬಂದರು. ಅವರ ಮನೆಯಲ್ಲೇ ನಾವು ಬಾಡಿಗೆಗಿರುವುದು, ಮುಂದಿನ ಕೋಣೆಯೇ ನನ್ನ ಕ್ಲಿನಿಕ್ಕು. ಕೈ ತೊಳೆದು, ಅವರನ್ನು ಕುರ್ಚಿಯಲ್ಲಿ ಒರಗಿಸಿ, ಕೆಳದವಡೆಗೆ ಇಂಜೆಕ್ಷನ್ ಕೊಟ್ಟೆ. "ತುಟಿ ಮರಗಟ್ಟೋಕೆ ಸ್ವಲ್ಪ ಹೊತ್ತು ಬೇಕು ಸಾರ್, ಆರಾಮಾಗಿರಿ" ಎಂದು ಕಿಟಕಿಯಾಚೆ ನೋಡಿದರೆ, ಗಿಡ ಆಗಲೇ ತಲೆ ಜೋಲಿಸಿತ್ತು. ಎಲೆಗಳು ಹಿಂಡಿ ಹಾಕಿದ ಕರವಸ್ತ್ರಗಳಾಗಿದ್ದವು. ಹೆಂಡತಿ ಬಂದರೆ ನನ್ನ ಗತಿಯೂ ಅದೇ. ಮಾಲೀಕರು ಮರಗಟ್ಟುವಷ್ಟರಲ್ಲಿ ಗಿಡ ನೆಟ್ಟು ಬರೋಣವೆಂದು ಗುದ್ದಲಿ ಹಿಡಿದು ಓಡಿದೆ.

ಗೋಡೆಯ ಬದಿಯಲ್ಲಿ ಅಗೆಯತೊಡಗಿದ್ದೇ ತಡ, ಮಾಲೀಕರು ಕೊರಳಿಗೆ ಕಟ್ಟಿದ್ದ ಬಟ್ಟೆಯ ಸಮೇತ ಹೊರಗೆ ಬಂದರು.

"ಡಾಕ್ಟ್ರೇ, ಅಲ್ಲಿ ಹೈಹು" ಎಂದರು.

"ಹೌದು ಸಾರ್, ಹೂವು. ರಾಶಿ ರಾಶಿ ಬಿಡುತ್ತೆ."

ಅವರು ತಲೆ ಅಡ್ಡಡ್ಡ ಆಡಿಸಿದರು. "ಹೈಹು, ಹೈಹು. ಅಗೀ... ಏಡಿ."

"ಅಗೀತಾ ಇದ್ದೀನಿ ಸಾರ್."

"ಅಗೀಏಡಿ, ಅಗೀಏಡಿ" ಎಂದು ಎರಡೂ ಕೈ ಬೀಸಿದರು. ಬಾಡಿಗೆದಾರನ ತೋಟಗಾರಿಕೆಗೆ ಇಷ್ಟೊಂದು ಹುರುಪು ತುಂಬುವ ಮಾಲೀಕರು ಲೋಕದಲ್ಲಿ ಎಷ್ಟು ಮಂದಿಯಿದ್ದಾರು? ನನ್ನ ಕಣ್ಣು ತುಂಬಿತು. ಗುದ್ದಲಿಯನ್ನು ತಲೆಯ ಮೇಲಕ್ಕೆತ್ತಿ, ಭೂಮಿ ಬಿರಿಯುವಂತೆ ಇಳಿಸಿದೆ.

ಫಟ್ ಎಂದಿತು. ಗುಂಡಿಯೊಳಗಿಂದ ನೀರು ನನ್ನ ಮೂಗಿನವರೆಗೆ ಚಿಮ್ಮಿತು.

ಆಗ ಜ್ಞಾನೋದಯವಾಯಿತು. ಪ, ಬ, ಮ ಎನ್ನಲು ತುಟಿಗೆ ತುಟಿ ಸೇರಬೇಕು. ಆ ಅಕ್ಷರಗಳನ್ನು ಮಾಲೀಕರ ಬಾಯಿಂದ ಕಿತ್ತುಕೊಂಡವನು ನಾನೇ. ಹೈಹು ಎಂದರೆ ಪೈಪು. ಅಗೀಏಡಿ ಎಂದರೆ ಅಗೀಬೇಡಿ.

ಅಂಗೈ ಒತ್ತಿದೆ, ನಿಲ್ಲಲಿಲ್ಲ. ಕಾಲು ಒತ್ತಿದೆ, ನಿಲ್ಲಲಿಲ್ಲ. ಕಡೆಗೆ ಅದರ ಮೇಲೆಯೇ ಕೂತೆ. "ಆಲು! ಆಲು!" ಎಂದು ಮಾಲೀಕರು ಒದ್ದೆ ಬಟ್ಟೆಯಲ್ಲಿ ಕುಣಿಯುತ್ತಿದ್ದರು.

"ಈಗ ಹಾಲು ಯಾಕೆ ಸಾರ್?" ಎಂದು ಕಾರಂಜಿಯ ಮೇಲಿಂದಲೇ ಕೇಳಿದೆ.

ಅಷ್ಟರಲ್ಲಿ ಗೇಟು ತೆರೆದು ಹೆಂಡತಿ ಬಂದಳು. ಮಾಲೀಕರು ಅವಳ ಕಡೆ ತಿರುಗಿ, "ಆಲು! ಏಲಿ ಹಕ್ಕ" ಎಂದರು. ಅವಳು ಚೀಲವನ್ನೂ ಇಳಿಸದೆ ನೇರವಾಗಿ ಬೇಲಿಯ ಪಕ್ಕ ಹೋಗಿ, ಬಗ್ಗಿ, ವಾಲ್ವು ತಿರುಗಿಸಿದಳು. ನೀರು ನಿಂತಿತು. ನಾನು ಮಾತ್ರ ಕೂತೇ ಇದ್ದೆ.

"ನಿನಗೆ ಹೇಗೆ ಅರ್ಥ ಆಯ್ತು?"

"ನಮ್ಮ ಕ್ಲಾಸಲ್ಲಿ ಅರ್ಧ ಮಕ್ಕಳಿಗೆ ಮುಂದಿನ ಹಲ್ಲಿಲ್ಲ. ದಿನವಿಡೀ ಇದೇ ಭಾಷೆ. ಏಳಿ, ಗಿಡ ಎಲ್ಲಿ?"

ಗಿಡವನ್ನು ನೋಡಿ ಅವಳ ಮುಖ ಒಂದು ಗಳಿಗೆ ಚಿಕ್ಕದಾಯಿತು. ಬೈದಿದ್ದರೆ ವಾಸಿಯಿತ್ತು. ಅವಳು ಬೇರಿಗೆ ಒದ್ದೆ ಗೋಣಿ ಸುತ್ತಿ, ಹೂವನ್ನೂ ದೊಡ್ಡ ಎಲೆಗಳನ್ನೂ ಕತ್ತರಿಸಿದಳು. ಮಾಲೀಕರು ಬೆರಳು ತೋರಿಸಿದ ಬೇರೆ ಜಾಗದಲ್ಲಿ ನಾನು ಸಣ್ಣಗೆ, ಪ್ರತಿ ಏಟಿಗೂ ಅವರ ಮುಖ ನೋಡಿಕೊಂಡು, ಅಗೆದೆ. ಅವಳು ಗಿಡ ನೆಟ್ಟಗೆ ಹಿಡಿದಳು, ನಾನು ಮಣ್ಣು ಎಳೆದು ಮೆಲ್ಲಗೆ ಒತ್ತಿದೆ. ಪೈಪು ಒಡೆದ ಗುಂಡಿಯ ನೀರನ್ನೇ ಮೊಗೆದು ಹೊಯ್ದೆವು. ಅವಳ ಕೊಡೆಯನ್ನು ಗಿಡಕ್ಕೆ ನೆರಳಾಗಿ ಕಟ್ಟಿದೆವು. ಆಮೇಲೆ ಮಾಲೀಕರ ಹಲ್ಲು ಕಿತ್ತೆ. ಅವತ್ತು ಸಲೀಸಾಗಿ ಬಂದದ್ದು ಅದೊಂದೇ.

ಗಿಡ ಕೆಲವು ವಾರ ನಮ್ಮೊಂದಿಗೆ ಮಾತು ಬಿಟ್ಟಿತ್ತು. ಹೆಂಡತಿ ದಿನಾ ಸಂಜೆ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ಕಾಂಡ ಮುಟ್ಟಿ ನೋಡುತ್ತಿದ್ದಳು. ನಾನು ಕಿಟಕಿಯಿಂದ ಅವಳ ಮುಖ ನೋಡುತ್ತಿದ್ದೆ. ಒಂದು ಸಂಜೆ "ರೀ, ಬನ್ನಿ ಇಲ್ಲಿ" ಎಂದಳು. ಗೆಣ್ಣಿನಲ್ಲಿ ಉಗುರಿನಷ್ಟು ಹಸಿರು. ಮುಂದಿನ ಋತುವಿಗೆ ಗೊಂಚಲು ಗೊಂಚಲು ಹೂವು. ಆದರೆ ನೀಲಿಯಲ್ಲ, ಗುಲಾಬಿ.

"ಮಣ್ಣು ಬದಲಾದರೆ ಬಣ್ಣ ಬದಲಾಗುತ್ತಂತೆ" ಎಂದೆ.

"ಇರಬಹುದು. ನಿಮ್ಮನ್ನ ನೋಡಿ ನಾಚಿಕೊಂಡಿರಲೂಬಹುದು."

ನಾನು ಜಗ್ಗಲಿಲ್ಲ. ಬಂದ ರೋಗಿಗಳಿಗೆಲ್ಲ ಕಿಟಕಿಯಿಂದ ತೋರಿಸಿ, "ನಾನೇ ಕಿತ್ತು ನೆಟ್ಟಿದ್ದು" ಎಂದೆ. ಬಾಯಲ್ಲಿ ಹತ್ತಿ ಇಟ್ಟುಕೊಂಡವರು ಯಾರೂ ಎದುರು ಹೇಳಲಿಲ್ಲ.

ಮೊನ್ನೆ ಮಾಲೀಕರು ಇನ್ನೊಂದು ಹಲ್ಲು ಹಿಡಿದುಕೊಂಡು ಬಂದರು. ಕುರ್ಚಿಯಲ್ಲಿ ಒರಗಿದರು. ನಾನು ಸಿರಿಂಜು ಎತ್ತಿದೆ. ಅವರು ನನ್ನ ಕೈ ಹಿಡಿದು ನಿಲ್ಲಿಸಿದರು.

"ಒಂದ್ನಿಮಿಷ ಡಾಕ್ಟ್ರೇ." ತುಟಿಗೆ ತುಟಿ ಚೆನ್ನಾಗಿ ಕೂಡಿಸಿ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು: "ಪೈಪು ಗೋಡೆ ಬದಿ. ಕರೆಂಟ್ ವೈರು ಮೆಟ್ಟಿಲ ಪಕ್ಕ. ಮೋರಿ ಗೇಟಿನ ಕೆಳಗೆ. ಮನವರಿಕೆ ಆಯ್ತಾ?"

"ಆಯ್ತು ಸಾರ್."

"ಹಾಗಾದ್ರೆ ಈಗ ಕೊಡಿ ಇಂಜೆಕ್ಷನ್" ಎಂದು ಬಾಯಿ ತೆರೆದರು.