ಒಣಗಿದ ಕಣ್ಣಿನ ನೀರಿಗೊಂದು ಸಂಖ್ಯೆ

ಮೊದಲೇ ಹೇಳಿಬಿಡುತ್ತೇನೆ, ನನಗೆ ಪ್ರಸಂಗ ಹೇಳಲು ಸರಿಯಾಗಿ ಬರುವುದಿಲ್ಲ, ತಪ್ಪಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಗುವ ಜಾಗ ಬರುವ ಮೊದಲೇ ನಾನು ವಿವರಣೆಗೆ ಇಳಿದುಬಿಡುತ್ತೇನೆ ಎಂದು ಹೆಂಡತಿ ಹೇಳುತ್ತಾಳೆ. ಆದರೆ ಚಿಕ್ಕೋಡಿಯ ಕಣ್ಣಿನ ಆಸ್ಪತ್ರೆಯಲ್ಲಿ ನನ್ನ ಮೇಜಿನ ಮುಂದೆ ಇಂಥವು ನಡೆಯುತ್ತಲೇ ಇರುತ್ತವೆ. ಅದಕ್ಕೇ ಬರೆಯಲು ಕೂತೆ.

ನನ್ನ ಕೆಲಸ ಏನೆಂದು ತಿಳಿಸಬೇಕು. ಡಾಕ್ಟರು ಕಾಯಿಲೆಯ ಹೆಸರು ಬರೆಯುತ್ತಾರೆ. ನಾನು ಅದಕ್ಕೆ ಕೋಡ್, ಅಂದರೆ ಒಂದು ಸಂಖ್ಯೆ, ಹಾಕುತ್ತೇನೆ. ವಿಮೆಯವರಿಗೆ ಹೆಸರು ಸಾಲದು, ಸಂಖ್ಯೆ ಬೇಕು. ಕಣ್ಣು ಒಣಗುವ ಕಾಯಿಲೆಗೆ ಬಲಗಣ್ಣಾದರೆ ಕೊನೆಯ ಅಂಕಿ ಒಂದು, ಎಡಗಣ್ಣಾದರೆ ಎರಡು, ಎರಡೂ ಕಣ್ಣಾದರೆ ಮೂರು. ಯಾವ ಕಣ್ಣೆಂದು ಗೊತ್ತಿಲ್ಲದಿದ್ದರೆ ಒಂಬತ್ತು. ನಾನು ಒಂಬತ್ತು ಹಾಕಿದರೆ ನಮ್ಮ ಮ್ಯಾನೇಜರ್ ಸಾಹೇಬರು, "ಇರೂವ ಎರಡ ಕಣ್ಣು, ಅದನ್ನೂ ಕೇಳಾಕ ಆಗೂದಿಲ್ಲೇನು?" ಎನ್ನುತ್ತಾರೆ. ಆದ್ದರಿಂದ ನಾನು ಎಲ್ಲರನ್ನೂ ಕೇಳುತ್ತೇನೆ.

ಕಿಡಕಿ ಕಡೆಯ ಕಣ್ಣು

ರಾಯಬಾಗದ ಕಡೆಯಿಂದ ಕಬ್ಬು ಬೆಳೆಯುವ ಹಿರಿಯರೊಬ್ಬರು ಬಂದಿದ್ದರು. ಯಾವ ಕಣ್ಣೆಂದು ಡಾಕ್ಟರು ಬರೆದಿರಲಿಲ್ಲ. ಅವರನ್ನೇ ಕೇಳಿದೆ.

"ಕಿಡಕಿ ಕಡೀದ್ರಿ," ಎಂದರು.

ಬಸ್ಸಿನಲ್ಲಿ ಕಿಟಕಿಯ ಗಾಳಿ ಬಡಿದ ಕಣ್ಣು ಉರಿಯುತ್ತದಂತೆ. (ಇದು ನಿಜ. ಗಾಳಿಗೆ ಒಣಗಿದ ಕಣ್ಣು ಹೆಚ್ಚು ಉರಿಯುತ್ತದೆ.) ಎಡವೋ ಬಲವೋ ಹೇಳಿ ಎಂದೆ. ಇವತ್ತು ಬರುವಾಗ ಎಡಗಣ್ಣು, ಹೋದ ಸಲ ಬಲಗಣ್ಣು ಎಂದರು. ಹಾಗಾದರೆ ಎರಡೂ ಎಂದು ಬರೆಯಲೇ ಎಂದೆ.

"ಗಡಿಬಿಡಿ ಮಾಡಬ್ಯಾಡ್ರಿ. ಹೋಗೂಮುಂದ ಯಾವ ಕಡೆ ಸೀಟ ಸಿಗತೈತಿ ನೋಡಿ ಫೋನ್ ಮಾಡ್ತೀನಿ."

ದ್ರಾಕ್ಷಿಯವರ ವಾದ

ಇಲ್ಲೊಂದು ವಿಷಯ ತಿಳಿಸದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಕಣ್ಣು ಒಣಗಿದವರಿಗೇ ಎಷ್ಟೋ ಸಲ ನೀರು ಸುರಿಯುತ್ತದೆ. ಒಣಗಿ ಉರಿ ಹತ್ತಿದ ಕಣ್ಣು ಗಾಬರಿಯಾಗಿ ಒಮ್ಮೆಲೇ ನೀರು ಬಿಡುತ್ತದೆ. ಆ ನೀರು ಕಣ್ಣಲ್ಲಿ ನಿಲ್ಲುವುದಿಲ್ಲ, ಕೆನ್ನೆಗೆ ಇಳಿದು ಹೋಗುತ್ತದೆ. ಕಣ್ಣು ಮತ್ತೆ ಒಣ.

ಇದನ್ನೇ ಅಥಣಿಯ ದ್ರಾಕ್ಷಿ ಬೆಳೆಗಾರರೊಬ್ಬರಿಗೆ ಹೇಳಿದೆ. ಅವರ ಎರಡೂ ಕಣ್ಣಿಂದ ನೀರು ಇಳಿಯುತ್ತಿತ್ತು. ಟವೆಲ್ಲಿನಿಂದ ಒರೆಸಿಕೊಳ್ಳುತ್ತಲೇ ಪೂರ್ತಿ ಕೇಳಿಸಿಕೊಂಡರು.

"ದ್ರಾಕ್ಷಿ ಒಣಗ್ಸೂದು ನಮ್ಮ ಧಂದೆರಿ," ಎಂದರು. "ಒಣಗೇತಿ ಅಂತ ಹೇಳಿ ಹಿಂಗ ನೀರ ಸುರಿಯೂ ಮಾಲ ಒಯ್ದ್ರ, ವ್ಯಾಪಾರಿ ನನ್ನ ಗಾಡಿ ಸಮೇತ ಹೊಳ್ಳಿ ಕಳಸ್ತಾನ."

ಎದುರು ಮನೆಯ ಕಾಕು

ನಮ್ಮ ಮನೆ ಏಕಸಂಬಿಯಲ್ಲಿ. ನಮ್ಮ ಅವ್ವನಿಗೂ ಹೀಗೇ ಶುರುವಾಯಿತು. ಕಟ್ಟೆಯ ಮೇಲೆ ಕೂತು ಮೆಂತ್ಯೆ ಸೋಸುತ್ತ ಸೆರಗಿನಿಂದ ಕಣ್ಣೊರೆಸಿಕೊಳ್ಳುವಳು. ಎದುರು ಮನೆಯ ಕಾಕು ಅದನ್ನು ನೋಡಿದರು. (ಕಾಕು ಎಂದರೆ ಚಿಕ್ಕಮ್ಮ. ಇವರು ನಮಗೆ ಸಂಬಂಧವಲ್ಲ, ಓಣಿಗೆಲ್ಲ ಕಾಕು.) ಸೊಸೆ ಅತ್ತೆಯನ್ನು ಅಳಿಸುತ್ತಿದ್ದಾಳೆ ಎಂಬ ಸುದ್ದಿ ಸಂಜೆಯೊಳಗೆ ಓಣಿ ದಾಟಿತು.

ನನ್ನ ಹೆಂಡತಿ ನಿಪ್ಪಾಣಿಯವಳು. ಲಗ್ನವಾಗಿ ವರ್ಷವೂ ತುಂಬಿರಲಿಲ್ಲ. ಸುದ್ದಿ ಅವಳ ತವರಿಗೂ ಮುಟ್ಟಿ, ಅವಳ ತಾಯಿ ಫೋನ್ ಮಾಡಿ ಬುದ್ಧಿ ಹೇಳಿದರು. ಹೆಂಡತಿ ಅಂಗಡಿಗೆ ಹೋಗುವುದನ್ನೂ ಬಿಟ್ಟಳು.

"ನಾ ಓಣ್ಯಾಗ ಮಾರಿ ಎತ್ತಿ ಹ್ಯಾಂಗ ಅಡ್ಡಾಡ್ಲಿ? ಅತ್ತ್ಯಾರಿಗೆ ಅದೇನ ನಂಬರ ಐತಿ, ಹಾಕಿಸ್ಕೊಂಡ ಬರ್ರಿ," ಎಂದಳು.

ಅವ್ವನೇ ಕಾಕುವಿನ ಬಳಿ ಹೋಗಿ, ನನ್ನ ಸೊಸೆ ಬಂಗಾರದಂಥವಳು ಎಂದು ಹೇಳಿ ನೋಡಿದಳು. ಹೇಳುವಾಗಲೂ ಕಣ್ಣಿಂದ ನೀರು ಧಾರಾಕಾರ. ಪಾಪ, ಹೆದರಿ ಹೀಗೆ ಹೇಳುತ್ತಿದ್ದಾಳೆ ಎಂದು ಓಣಿ ತೀರ್ಮಾನಿಸಿತು.

ಅವ್ವನನ್ನು ಆಸ್ಪತ್ರೆಗೆ ಕರೆದೊಯ್ದೆ. ಎರಡೂ ಕಣ್ಣು ಒಣಗಿವೆ ಎಂದರು ಡಾಕ್ಟರು. ನಾನೇ ಮೂರು ಹಾಕಿದೆ. ಹೆಂಡತಿ ಆ ಚೀಟಿ ಹಿಡಿದು ನೆಟ್ಟಗೆ ಎದುರು ಮನೆಗೆ ಹೋಗಿ, ಇದು ಅಳುವಲ್ಲ, ಕಣ್ಣು ಒಣಗುವ ಜಡ್ಡು ಎಂದು ತಿಳಿಸಿ ಬಂದಳು.

ಮರುದಿನ ಹೊಸ ಸುದ್ದಿ ಹೊರಟಿತ್ತು. ಕಣ್ಣೀರು ಪೂರಾ ಬತ್ತುವ ತನಕ ಸೊಸೆ ಅತ್ತೆಯನ್ನು ಅಳಿಸಿದ್ದಾಳೆ, ಡಾಕ್ಟರೇ ಬರೆದುಕೊಟ್ಟಿದ್ದಾರೆ.

ಕಾಕುವಿನ ಕಣ್ಣು

ಕಬ್ಬಿನ ಹಂಗಾಮು ಬಂತು. ರಸ್ತೆಯ ತುಂಬ ಟ್ರ್ಯಾಕ್ಟರು, ಧೂಳು. ಅವ್ವನ ಕಣ್ಣು ಮತ್ತೆ ತೋರಿಸಲು ಹೆಂಡತಿಯೇ ಅವಳನ್ನು ಆಸ್ಪತ್ರೆಗೆ ಕರೆತಂದಳು. ಬೆಂಚಿನ ತುದಿಯಲ್ಲಿ ಒಬ್ಬರು ಮುಖದ ತುಂಬ ಸೆರಗು ಹೊದ್ದು ಕೂತಿದ್ದರು. ಹತ್ತಿರ ಹೋದರೆ ನಮ್ಮ ಕಾಕು. ಎರಡೂ ಕಣ್ಣಿಂದ ನೀರು ಇಳಿಯುತ್ತಿತ್ತು.

ಒಂದು ವಿಷಯ ಹೇಳಿರಲಿಲ್ಲ. ಕಾಕುವಿಗೆ ಒಬ್ಬನೇ ಮಗ, ಅವನಿಗಿನ್ನೂ ಕನ್ಯೆ ನೋಡುತ್ತಿದ್ದರು.

ಹೆಂಡತಿ ಏನಂದುಬಿಡುತ್ತಾಳೋ ಎಂದು ನನಗೆ ಹೆದರಿಕೆ. ಅವಳು ಕಾಕುವಿನ ಮಗ್ಗುಲಲ್ಲಿ ಕೂತಳು, ತನ್ನ ಕರವಸ್ತ್ರ ಕೊಟ್ಟಳು. ಆಮೇಲೆ ಮೆಲ್ಲಗೆ, ಆದರೆ ಇಡೀ ಬೆಂಚಿಗೆ ಕೇಳುವಂತೆ, ಕೇಳಿದಳು.

"ಕಾಕೂ, ನಿಮ್ಮ ಮನ್ಯಾಗ ಇನ್ನ ಸೊಸಿನ ಬಂದಿಲ್ಲಲ್ರಿ. ಮತ್ತ ನಿಮ್ಮನ್ನ ಯಾರ ಅಳಿಸ್ಯಾರ?"

ಕಾಕು ಅವ್ವನ ಮುಖ ನೋಡಿದರು, ಹೆಂಡತಿಯ ಮುಖ ನೋಡಿದರು, ಕಣ್ಣೊರೆಸಿಕೊಂಡರು.

"ಬರಾಕಿ ಹ್ಯಾಂಗಿರತಾಳೋ ಏನೋ ಅಂತ, ಮುಂಗಡ ಅತ್ತ ಇಟ್ಟೇನವಾ."

ಬೆಂಚಿಗೆ ಬೆಂಚೇ ನಕ್ಕಿತು. ಕಾಕುವೂ ನಕ್ಕರು. ಅವರಿಗೂ ಮೂರೇ ಬಂತು. ಅಂದು ಸಂಜೆಯೇ ಅವರು ಓಣಿಯಲ್ಲಿ ಮನೆ ಮನೆಗೆ ಹೋಗಿ, ಇದು ಬರೀ ಜಡ್ಡು, ನಮ್ಮಿಬ್ಬರದೂ ಒಂದೇ ನಂಬರು ಎಂದು ಹೇಳಿ ಬಂದರು. ನನ್ನ ಹೆಂಡತಿ ಈಗ ಮಾರಿ ಎತ್ತಿಯೇ ಅಂಗಡಿಗೆ ಹೋಗುತ್ತಾಳೆ. ಕನ್ಯೆ ನೋಡಲು ಹೋಗುವಾಗ ಕಾಕು ಅವಳನ್ನೇ ಜೊತೆಗೆ ಕರೆಯುತ್ತಾರೆ.

ಈಗ ಇಬ್ಬರಿಗೂ ಒಂದೇ ಸಂಖ್ಯೆ ಹೇಗೆ ಬರುತ್ತದೆ ಎಂಬುದನ್ನು ವಿವರಿಸಬೇಕು. ಸಂಖ್ಯೆ ಮನುಷ್ಯರಿಗಲ್ಲ, ಕಾಯಿಲೆಗೆ. ಅಂದರೆ ಯಾರದೇ ಆಗಲಿ, ಎರಡೂ ಕಣ್ಣು...

ಅವ್ವ ಕರೆಯುತ್ತಿದ್ದಾಳೆ, ಕಣ್ಣಿಗೆ ಹನಿ ಹಾಕುವ ಹೊತ್ತು. ಹೆಂಡತಿ ಹತ್ತಿರವೇ ಇದ್ದಾಳೆ, ಅವಳೇ ಹಾಕಬಹುದಿತ್ತು. ಆದರೆ ಅವ್ವ ಕೂತಿರುವುದು ಹೊರಗೆ ಕಟ್ಟೆಯ ಮೇಲೆ, ಸೊಸೆ ಅತ್ತೆಯ ಕಣ್ಣಿಗೆ ಏನೋ ಸುರಿಯುವುದನ್ನು ಓಣಿಯವರು ನೋಡಿದರೆ ಏನಾಗುತ್ತದೆ ಅಂದರೆ...