ಆರ್ಡಿಸಳ ಲ್ಯಾಪ್‌ಟಾಪಿನಲ್ಲಿ ದೋಷ ಕಂಡುಬಂದಿಲ್ಲ

ಬಾಗಿಲು ಹಾಕಿ ಹತ್ತಿರ ಬನ್ನಿ. ಪಿಸುದನಿಯಲ್ಲೇ ಹೇಳುತ್ತೇನೆ. ನನ್ನ ಬಾಯಿಂದ ಬಂತು ಅಂತ ಯಾರಿಗೂ ಹೇಳಕೂಡದು. ಹೇಳಲೇಬೇಕು ಅನ್ನಿಸಿದರೆ ಮೊದಲು ನನ್ನ ಹತ್ತಿರ ಇನ್ನೊಂದು ಸಲ ಕೇಳಿಕೊಂಡು ಹೋಗಿ. ವಿವರ ತಪ್ಪಿದರೆ ಮಾನ ಹೋಗುವುದು ನನ್ನದು.

ನಮ್ಮ ಪಕ್ಕದ ಮನೆಯ ಗಾರ್ಡಿ ಟೋಲೆಫ್‌ಸನ್ ಪರಸ್ತ್ರೀಯ ಸಹವಾಸ ಮಾಡಿದ್ದಾನೆ ಎಂಬುದು ನನ್ನ ಲ್ಯಾಪ್‌ಟಾಪಿನ ಮೂಲಕ ಅಧಿಕೃತವಾಗಿ ಸಾಬೀತಾಗಿದೆ.

ಎಲ್ಮ್‌ಡಾಲ್ ಊರಿನ ಲೂಥರನ್ ಚರ್ಚಿನ ವಾರದ ಸುದ್ದಿಹಾಳೆ ಬರೆಯುವವಳು ನಾನು, ಆರ್ಡಿಸ್ ಕ್ವಾಮೆ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಈ ಹುದ್ದೆ ಯಾಕೆಂದರೆ, ಹೇಗಿದ್ದರೂ ಊರಿಗೆಲ್ಲ ಹೇಳುತ್ತಾಳೆ, ಹಾಳೆಯಲ್ಲಾದರೂ ಪಾದ್ರಿಗಳು ತಿದ್ದಬಹುದು ಎಂದು.

ಜನವರಿಯಲ್ಲಿ ಚರ್ಚಿನ ನೆಲಮಾಳಿಗೆಯ ಊಟದ ಫೋಟೋ ನೋಡುತ್ತಿದ್ದೆ. ಗಾರ್ಡಿ ತನ್ನ ಹೆಂಡತಿ ಲವಾನ್‌ಳ ಹೆಗಲ ಮೇಲೆ ಕೈ ಹಾಕಿ ಕೂತಿದ್ದ. ನೋಡನೋಡುತ್ತ ಪರದೆ ಗಡಗಡ ನಡುಗಿತು, ಹಸಿರು ಪಟ್ಟೆ ಎದ್ದಿತು, ಲವಾನ್ ಇದ್ದ ಅರ್ಧ ಮಾಯವಾಗಿ ಅಲ್ಲಿ ಇನ್ನೊಂದು ಫೋಟೋದ ಅರ್ಧ ಬಂದು ಅಂಟಿತು. ಈಗ ಗಾರ್ಡಿಯ ಕೈ ವಿಧವೆ ಬರ್ನೀಸ್ ಹಾಗೆನ್‌ಳ ಹೆಗಲ ಮೇಲಿತ್ತು. ಬರ್ನೀಸ್ ನಗುತ್ತಿದ್ದಳು ಬೇರೆ.

ನಾನು ಯಾರಿಗೂ ಹೇಳಲಿಲ್ಲ. ಲವಾನ್‌ಳನ್ನು ಮಾತ್ರ ಕರೆದು ತೋರಿಸಿದೆ, ಪಾಪ ನಗಲಿ ಎಂದು. ಅವಳು ನಗಲಿಲ್ಲ. ಗಂಡನನ್ನು ಹೆಪ್ಪುಗಟ್ಟಿದ ಸರೋವರದ ಮೇಲಿನ ಮೀನು ಹಿಡಿಯುವ ಗುಡಿಸಲಿಗೆ ಕಳಿಸಿದಳು. ಮಾರ್ಚಿನಲ್ಲಿ ಮಂಜುಗಡ್ಡೆ ಕರಗುತ್ತದೆ. ಅಷ್ಟರೊಳಗೆ ಅವನು ನಿರಪರಾಧಿಯಾಗಬೇಕು, ಇಲ್ಲವೇ ಈಜು ಕಲಿಯಬೇಕು.

“ಆರ್ಡಿಸ್, ನನ್ನ ತಾಯೀ,” ಎಂದು ಗಾರ್ಡಿ ಬಂದ. ಗಡ್ಡದಲ್ಲಿ ಮಂಜು ಕಟ್ಟಿತ್ತು. “ಆ ಡಬ್ಬಾ ಕೆಟ್ಟಿದೆ ಅಂತ ಕಂಪನಿಯೋರ ಬಾಯಲ್ಲಿ ಒಂದು ಮಾತು ಹೇಳಿಸಿಬಿಡು. ನಾನು ಹೇಳಿದ್ರೆ ಅವಳು ನಂಬಲ್ಲ.”

ವಾರಂಟಿ ಇತ್ತು. ಕಳಿಸಿದೆ. ಅವರು ಒಳಗಿನ, ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ಬದಲಿಸಿದರಂತೆ, ಆದರೆ ಹಳೆಯದು ಕೆಟ್ಟಿತ್ತೆಂದು ಒಪ್ಪಲಿಲ್ಲ. ಗ್ರಾಹಕರ ಮನಸ್ಸಮಾಧಾನಕ್ಕಾಗಿ ಬದಲಿಸಲಾಗಿದೆ ಎಂದರು. ನನ್ನ ಮನಸ್ಸು ಸಮಾಧಾನವಾಗಿಯೇ ಇತ್ತು, ಗಾರ್ಡಿಯದಲ್ಲವೇ ನಡುಗುತ್ತಿದ್ದದ್ದು? ಅದು ಮನೆಗೆ ಬಂದ ವಾರದಲ್ಲೇ ಪರದೆಯಲ್ಲಿ ಪಾದ್ರಿಗಳ ತಲೆ ಹಂದಿ ಪ್ರದರ್ಶನದಲ್ಲಿ ಗೆದ್ದ ಹಂದಿಯ ಮುಂಡದ ಮೇಲೆ ಕೂತಿತು. ಮತ್ತೆ ಕಳಿಸಿದೆ.

ಆ ಯಂತ್ರದ ಗುಣವೇ ಹಾಗೆ. ನಮ್ಮ ಚಳಿಯಲ್ಲಿ ಲಾರಿ ಹತ್ತಿ ತಣ್ಣಗಾಗಿ ಕಂಪನಿಗೆ ಹೋದರೆ ಅದರಂಥ ಸುಶೀಲೆ ಇಲ್ಲ. ನನ್ನ ಹೀಟರಿನ ಪಕ್ಕ ಬೆಚ್ಚಗೆ ಕೂತಾಗ ಮಾತ್ರ ನಾಲಿಗೆ ಸಡಿಲ. ಕಂಪನಿಯ ನಿಯಮ ಸ್ಪಷ್ಟವಾಗಿತ್ತು: “ದೋಷವು ತಪಾಸಕರ ಸಮ್ಮುಖದಲ್ಲಿ ಖುದ್ದಾಗಿ ಹಾಜರಾಗತಕ್ಕದ್ದು. ಹಾಜರಾಗದ ದೋಷವನ್ನು ಹುಟ್ಟಿಯೇ ಇಲ್ಲವೆಂದು ಭಾವಿಸತಕ್ಕದ್ದು.” ಮುಚ್ಚಳದ ಮೇಲೆ ಒಂದು ಚೀಟಿ ಅಂಟಿಸಿ ಕಳಿಸಿದರು: ದೋಷ ಕಂಡುಬಂದಿಲ್ಲ.

ಚರ್ಚಿನ ಸಮಿತಿ ಸಭೆ ಸೇರಿ, ಲ್ಯಾಪ್‌ಟಾಪಿನಲ್ಲಿ ದೋಷವಿಲ್ಲದ ಕಾರಣ ದೋಷವು ಗಾರ್ಡಿಯಲ್ಲಿಯೇ ಇರತಕ್ಕದ್ದೆಂದು ತೀರ್ಮಾನಿಸಿತು. ಹಂದಿಯ ವಿಷಯವನ್ನು ಪಾದ್ರಿಗಳ ಕೋರಿಕೆಯ ಮೇರೆಗೆ ಮುಂದೂಡಲಾಯಿತು.

ನನ್ನ ಕಾಟಕ್ಕೆ ಬೇಸತ್ತು ಕೊನೆಗೊಂದು ದಿನ ಕಂಪನಿಯವರೇ ಫೋನು ಮಾಡಿದರು. ಗಾರ್ಡಿ ಟೋಪಿ ಕೈಯಲ್ಲಿ ಹಿಡಿದು ನನ್ನ ಪಕ್ಕದಲ್ಲೇ ನಿಂತಿದ್ದ.

“ಮೇಡಂ, ಹಳೇದು ಕೆಟ್ಟಿದೆ ಅಂತ ಬರೆದು ಹೊಸದು ಕಳಿಸಿಬಿಡೋಣವಾ?”

ನಮ್ಮ ಕಡೆ ಒಂದು ಲೋಟ ಕಾಫಿ ಕೊಟ್ಟರೂ ಎರಡು ಸಲ ಬೇಡವೆಂದು, ಮೂರನೇ ಸಲ ನಿಮ್ಮ ಬಲವಂತಕ್ಕೆ ಎಂದು ತೆಗೆದುಕೊಳ್ಳುವುದು ಮರ್ಯಾದೆ. ಮೊದಲ ಸಲಕ್ಕೇ ಕೈ ಚಾಚುವವರನ್ನು ಪಕ್ಕದ ರಾಜ್ಯದ ಅಯೋವಾದವರು ಅನ್ನುತ್ತೇವೆ.

“ಅಯ್ಯೋ, ನಿಮಗ್ಯಾಕಪ್ಪಾ ಸುಮ್ನೆ ತೊಂದರೆ,” ಎಂದೆ.

“ಹಾಗಾದ್ರೆ ಬೇಡ್ವಾ ಮೇಡಂ?”

“ಇರೋದ್ರಲ್ಲೇ ಹೇಗೋ ಆಗುತ್ತೆ ಬಿಡಿ.”

“ಸರಿ, ಧನ್ಯವಾದ. ಗ್ರಾಹಕರು ತೃಪ್ತರು ಅಂತ ಬರ್ಕೊಂಡೆ.” ಫೋನು ಇಟ್ಟ.

ನಾನು ಗಾರ್ಡಿಯ ಮುಖ ನೋಡಿದೆ. ಅವನೂ ಈ ಊರಲ್ಲೇ ಹುಟ್ಟಿದವನು. ಬೈಯಲಿಲ್ಲ. “ನೀನು ಮಾಡಿದ್ದು ಸರಿನೇ,” ಎಂದ ನಿಟ್ಟುಸಿರಿಟ್ಟು. “ಅವನು ಇನ್ನೊಂದ್ಸಲ ಕೇಳ್ಬೇಕಿತ್ತು.”

ಸರೋವರದಲ್ಲಿ ಮಂಜುಗಡ್ಡೆ ಬಿರಿಯುವ ಸದ್ದು ಕೇಳಿಸತೊಡಗಿತು. ಗಾರ್ಡಿ ಬುದ್ಧಿವಂತ. ಗುಡಿಸಲನ್ನು ದಡಕ್ಕೆ ಎಳೆದು ತಂದು, ನೇರ ಹೆಂಡತಿಯ ಬಾಗಿಲಿಗೆ ಹೋಗಿ, ಮಾಡದ ಪಾಪವನ್ನು ಪೂರ್ತಿ ಒಪ್ಪಿಕೊಂಡ. ಯಾವಾಗ, ಎಲ್ಲಿ ಎಂದು ಲವಾನ್ ಕೇಳಿದ್ದಕ್ಕೆ, “ಅದೆಲ್ಲ ಆರ್ಡಿಸ್‌ಗೆ ಗೊತ್ತು” ಎಂದನಂತೆ. ಬರ್ನೀಸ್ ಕೂಡ, ಯಾವುದಕ್ಕೂ ಇರಲಿ ಎಂದು, ಹಾಟ್‌ಡಿಶ್ ಎಂಬ ನಮ್ಮ ಕಡೆಯ ಆಲೂಗಡ್ಡೆ ತಿನಿಸು ಬೇಯಿಸಿ ತಂದು ಕ್ಷಮೆ ಕೇಳಿದಳು. ಲವಾನ್ ಇಬ್ಬರನ್ನೂ ಕ್ಷಮಿಸಿದಳು. ಪಾಪಿಯಾದ ಮೇಲೆ ಗಾರ್ಡಿ ಪಾತ್ರೆ ತೊಳೆಯುತ್ತಾನೆ, ಹೇಳದೆಯೇ ಕಸ ಹಾಕಿ ಬರುತ್ತಾನೆ. ಊರಿನ ಉಳಿದ ಹೆಂಗಸರು ತಮ್ಮ ತಮ್ಮ ಗಂಡಂದಿರ ಫೋಟೋ ಹಿಡಿದು ನನ್ನ ಹೀಟರಿನ ಪಕ್ಕ ಸಾಲು ನಿಲ್ಲುತ್ತಿದ್ದಾರೆ.

ನಿನ್ನೆ ಆ ಸಾಲು ದಾಟಿಕೊಂಡು ಲವಾನ್ ಒಳಗೆ ಬಂದಳು. ಎಲ್ಲರೆದುರು ನನ್ನ ಮುಖಕ್ಕೇ ಹೇಳಿದಳು:

“ಕಂಪನಿಯೋರು ಹೇಳಿದ್ದು ನಿಜ ಕಣೇ ಆರ್ಡಿಸ್, ಅದಕ್ಕೆ ಯಾವ ದೋಷಾನೂ ಇಲ್ಲ. ಇವರದರ್ಧ, ಅವರದರ್ಧ ಅಂಟಿಸಿ ಊರಿಗೆಲ್ಲ ತೋರಿಸೋದು, ಹೊರಗಿನೋರು ವಿಚಾರಿಸಿದ್ರೆ ಏನೂ ಅರಿಯದ ಹಾಗೆ ಕೂರೋದು. ಪಾಪ, ನಿನ್ನ ಮನೇಲಿ ಬೆಳೆದದ್ದು, ಇನ್ನೇನು ಕಲಿತೀತು?”